ಅಕ್ಕನ ಬದಲು ಹಚ್ಚಿದ ದೀಪ

ಧನುರ್ಮಾಸದ ಬೆಳಗಿನಲ್ಲಿ ಊರೆಲ್ಲ ಸ್ವೆಟರು ಹಾಕಿ ತಲೆಗೆ ಟವಲು ಸುತ್ತಿಕೊಂಡು ಓಡಾಡುತ್ತಿದ್ದರೆ, ನಮ್ಮಕ್ಕ ಮಾತ್ರ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ತನಕ ಇಳಿದಿರುತ್ತಿತ್ತು. ರವಿಕೆಯ ಬೆನ್ನು ತೊಯ್ದು ಅಂಟಿಕೊಂಡಿರುತ್ತಿತ್ತು. ಎರಡು ನಿಮಿಷ ಕಳೆದರೆ ಅದೇ ಬೆವರು ತಣ್ಣಗಾಗಿ ನಡುಗುತ್ತಿದ್ದಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಕಿರಂಗೂರಿನಲ್ಲಿ ನಮ್ಮದು ಒಂದೇ ಗೋಡೆಯ ಎರಡು ಮನೆ. ಪಾಲಾದಾಗ ಅತ್ತೆಯೂ ದೇವರ ಮನೆಯೂ ಅವಳ ಕಡೆಗೆ ಹೋದವು, ನನ್ನ ಕಡೆಗೆ ಬಚ್ಚಲು ದೊಡ್ಡದಾಯಿತು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುತ್ತಾರೆ. ನಮ್ಮಿಬ್ಬರದು ಇಪ್ಪತ್ತೆರಡು ವರ್ಷ ಸೇರಿಕೊಂಡೇ ಇತ್ತು. ನಾನು ಪಾಂಡವಪುರದ ಹೈಸ್ಕೂಲಿಗೆ ಪಾಠ ಮಾಡಲು ಹೋದರೆ ನನ್ನ ಮಕ್ಕಳು ಉಂಡು ಬೆಳೆದದ್ದು ಅವಳ ಒಲೆಯ ಮುಂದೆ.

ಸುಳ್ಳು ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಡೈರಿಯಲ್ಲಿ ಸರದಿ ಬಂದಾಗ ಎಲ್ಲರ ಎದುರು, "ಇವತ್ತು ಕ್ಯಾನಲ್ಲಿ ತೊಳೆದ್ ನೀರು ಉಳ್ಕಂಡಿತ್ತು, ನಮ್ಮ ಹಾಲ ಸೇರ್ಸ್ಬೇಡಪ್ಪ" ಎಂದು ಹೇಳಿ ಹೊತ್ತು ತಂದದ್ದನ್ನು ಹಾಗೇ ಹೊತ್ತು ಬಂದಳು. ಭಾವ ಬೈದರು. ಅವಳು ಆ ಹಾಲನ್ನು ಕರುಗಳಿಗೆ ಕುಡಿಸಿದಳು.

ಐವತ್ತೊಂದಕ್ಕೆ ಅವಳಿಗೆ ಮುಟ್ಟು ಪೂರ್ತಿ ನಿಂತಿತು. ನಮ್ಮ ಮನೆಯಲ್ಲಿ ಹೊರಗಾದವರು ದೀಪ ಮುಟ್ಟುವಂತಿಲ್ಲ. ನಿಂತದ್ದೇ ಅವಳಿಗೆ ಒಂದು ಹೆಮ್ಮೆ. ಇನ್ನು ಸಾಯುವ ತನಕ ದೀಪ ನನ್ನದೇ ಎಂದು ಅತ್ತೆಗೆ ಹೇಳಿದ್ದಳು. ಆದರೆ ಬೆವರಿನ ಜೊತೆಗೆ ಹೊಟ್ಟೆಯೂ ಬಂತು. ರಾತ್ರಿಯ ಮುದ್ದೆ ಬಿಟ್ಟಳು, ಹುರುಳಿಕಟ್ಟು ಕುಡಿದಳು, ಜೀರಿಗೆ ನೀರು ಕುಡಿದಳು. ನಮ್ಮ ಆಲೆಮನೆಯಲ್ಲಿ ಬೆಲ್ಲ ತೂಗುವ ತಕ್ಕಡಿಯ ಮೇಲೆ, ಆಳುಗಳು ಊಟಕ್ಕೆ ಹೋದ ಹೊತ್ತು ನೋಡಿ ಹತ್ತಿ ನಿಲ್ಲುತ್ತಿದ್ದಳು. ಮುಳ್ಳು ನೋಡಿ ಹೇಳುವುದು ನನ್ನ ಕೆಲಸ. "ತಿನ್ನೋದು ಅರ್ಧ ಮುದ್ದೆ, ಬೆಳ್ಯೋದು ಒಂದೂವರೆ ಮುದ್ದೆ" ಎಂದು ನಕ್ಕು ಇಳಿಯುತ್ತಿದ್ದಳು. ಆ ನಗುವಿನ ಹಿಂದೆ ಎಷ್ಟು ನಾಚಿಕೆ ಇತ್ತೆಂದು ನಾನು ಆಗ ಅಳೆಯಲಿಲ್ಲ.

ಅದಕ್ಕೆ ಒಂದು ವರ್ಷ ಮುಂಚೆ ನನಗೆ ಆಪರೇಷನ್ ಆಗಿತ್ತು. ಗರ್ಭಕೋಶ, ಅಂಡಾಶಯ ಎರಡೂ ತೆಗೆದಿದ್ದರು. ಮರುವಾರದಿಂದಲೇ ನನಗೂ ಮೈ ಉರಿ, ನಿದ್ದೆಯಿಲ್ಲ, ಕ್ಲಾಸಿನಲ್ಲಿ ಸುಮ್ಮನೆ ಅಳು. ಮೈಸೂರಿನ ಲೇಡಿ ಡಾಕ್ಟರು ಹಾರ್ಮೋನಿನ ಮಾತ್ರೆ ಬರೆದರು. "ನಿಮಗೆ ಗರ್ಭಕೋಶ ಇಲ್ಲ, ಹಾಗಾಗಿ ಇದೊಂದೇ ಸಾಕು" ಎಂದರು. ಇದು ಉರಿಗೆ, ನಿದ್ದೆಗೆ, ಮೂಳೆಗೆ. ತೂಕ ಇಳಿಸುವುದು ಇದರ ಕೆಲಸವಲ್ಲ, ಅದಕ್ಕೆ ನೀವೇ ನಡೆಯಬೇಕು, ಅನ್ನ ಕಮ್ಮಿ ಮಾಡಿ ಕಾಳು ತಿನ್ನಬೇಕು ಎಂದೂ ಹೇಳಿದರು. ನಾನು ದಿನಾ ನಾಲೆ ಏರಿಯ ಮೇಲೆ ನಡೆದೆ. ಒಂದು ವರ್ಷಕ್ಕೆ ರವಿಕೆಗಳೆಲ್ಲ ಸಡಿಲವಾದವು.

ಅಕ್ಕ ನನ್ನ ನಡಿಗೆ ನೋಡಲಿಲ್ಲ, ಮಾತ್ರೆ ನೋಡಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅವಳಿಗೆ ಗೋಡೆಯಾಚೆಯ ಮಾತ್ರೆಯೇ ಮದ್ದಾಗಿ ಕಂಡಿತು. ಡಾಕ್ಟರ ಹತ್ತಿರ ಹೋಗೋಣವೆಂದೆ. ಈ ವಯಸ್ಸಿನಲ್ಲಿ ಅವರ ಮುಂದೆ ಕಾಲು ಅಗಲಿಸಲು ನಾಚಿಕೆ ಎಂದಳು.

"ನಿಂಗ್ ಒಪ್ಪಿದ್ದು ನಂಗ್ ಒಪ್ಪಕಿಲ್ವಾ? ಇಬ್ರೂ ಎಂಗಸ್ರೇ ತಾನೆ ಕಣಮ್ಮಿ."

ಕೊಟ್ಟೆ. ನನ್ನ ಚೀಟಿ ತೋರಿಸಿಯೇ ಶ್ರೀರಂಗಪಟ್ಟಣದ ಮೆಡಿಕಲ್ ಸ್ಟೋರಿನಲ್ಲಿ ಎರಡರಷ್ಟು ಕೊಂಡು ತಂದೆ. ಬಿ.ಎಸ್ಸಿ., ಬಿ.ಎಡ್. ಮಾಡಿದ ಹೆಂಗಸು ನಾನು, ಒಂಬತ್ತನೇ ಕ್ಲಾಸಿಗೆ ಜೀವಶಾಸ್ತ್ರ ಹೇಳುವವಳು. "ಗರ್ಭಕೋಶ ಇಲ್ಲ, ಹಾಗಾಗಿ" ಎಂಬ ಮಾತು ಕಿವಿಯಲ್ಲಿತ್ತು. ಇರುವವರಿಗೆ ಏನು ಎಂಬ ಪ್ರಶ್ನೆ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ತಿಂಗಳೊಳಗೆ ಅವಳ ಬೆವರು ನಿಂತಿತು, ಬೆಳಗಿನ ತನಕ ನಿದ್ದೆ ಬಂತು. ಹೊಟ್ಟೆ ಇಳಿಯಲಿಲ್ಲ, ಆದರೂ ಒಂದು ಮಾತ್ರೆ ನನ್ನ ಪ್ರಾಣ ಉಳಿಸಿತು ಎಂದು ಕಂಡವರ ಮುಂದೆಲ್ಲ ಹೇಳಿದಳು. ಯಾವ ಮಾತ್ರೆ, ಯಾರು ಕೊಟ್ಟದ್ದು ಎಂದು ಮಾತ್ರ ಹೇಳಲಿಲ್ಲ. ಅದು ನಮ್ಮಿಬ್ಬರ ಗುಟ್ಟು.

ಒಂದೂವರೆ ವರ್ಷದ ಮೇಲೆ ಒಂದು ಶುಕ್ರವಾರ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಹೊಸಿಲಾಚೆ ನಿಂತಳು.

"ಮೂರ್ ದಿನ ದೀಪ ನೀನೇ ಅಚ್ಬುಡಮ್ಮಿ. ನಾನು ಒರಗಾಗಿವ್ನಿ." ಹೊಸ ಮದುವಣಗಿತ್ತಿಯ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡಳು. "ವಯಸ್ಸು ತಿರುಗ್ ಬಂದದೆ ಕಣಮ್ಮಿ."

ನಾನೂ ನಕ್ಕೆ. ಹೋಗಿ ದೀಪ ಹಚ್ಚಿದೆ. ಇದನ್ನು ಬರೆಯುವ ಈಗ ಗೊತ್ತಿದೆ. ನಿಂತುಹೋದ ಮುಟ್ಟು ಮೂರು ವರ್ಷದ ಮೇಲೆ ತಿರುಗಿ ಬರುವುದಿಲ್ಲ. ಬಂದದ್ದು ಮುಟ್ಟೇ ಅಲ್ಲ. ಆದರೆ ನಮ್ಮ ಮನೆಯಲ್ಲಿ ಹೆಂಗಸು ಹೊರಗೆ ಕೂತರೆ ಯಾಕೆಂದು ಯಾರೂ ಕೇಳುವುದಿಲ್ಲ. ಗಂಡಸರು ತಲೆ ಬಗ್ಗಿಸಿ ಹೋಗುತ್ತಾರೆ, ಹೆಂಗಸರು ದೂರದಿಂದ ತಟ್ಟೆ ತಳ್ಳುತ್ತಾರೆ. ಊರಿಗೆಲ್ಲ ಕಾಣುವಂತೆ ಕೊಟ್ಟಿಗೆಯ ಜಗಲಿಯಲ್ಲಿ ಅವಳು ಕೂತಿದ್ದಳು, ಯಾರಿಗೂ ಏನೂ ಕಾಣಲಿಲ್ಲ. ಕೆಟ್ಟ ರಕ್ತ ಹೋಗಲಿ ಬಿಡು ಎಂದರು ಅತ್ತೆ.

ಮೂರು ದಿನ ಐದಾಯಿತು. ತಿಂಗಳಿಗೆ ಒಂದು ಸಲ ಎರಡಾಯಿತು. ದೀಪ ಹೆಚ್ಚುಕಮ್ಮಿ ನನ್ನದೇ ಆಯಿತು. ಬತ್ತಿ ಹೊಸೆಯುವಾಗಲೆಲ್ಲ "ಗರ್ಭಕೋಶ ಇಲ್ಲ, ಹಾಗಾಗಿ" ಎಂಬ ಆ ಮಾತು ನೆನಪಾಗುತ್ತಿತ್ತು. ಒಂದು ದಿನ ತಡೆಯದೆ, ಮೈಸೂರಿಗೆ ಹೋಗಿ ತೋರಿಸೋಣವೆಂದೆ. ಕಬ್ಬು ಅರೆಯುವುದು ಮುಗಿಯಲಿ ಎಂದಳು. ನಾನು ಎರಡನೇ ಸಲ ಹೇಳಲಿಲ್ಲ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ನಿರಾಳವಾಯಿತು. ಡಾಕ್ಟರು ಕೇಳುವ ಮೊದಲ ಪ್ರಶ್ನೆ ಏನೆಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಮಾತ್ರೆ ನಿಲ್ಲಿಸು ಎಂದು ಮಾತ್ರ ಹೇಳಿದೆ. ನಿಲ್ಲಿಸಿದಳು. ರಕ್ತ ನಿಲ್ಲಲಿಲ್ಲ.

ಆಲೆಮನೆಯ ಕೊಪ್ಪರಿಗೆಯ ಪಕ್ಕ ಅವಳು ಕುಸಿದ ದಿನ ಭಾವ ಕಾರು ಮಾಡಿಸಿಕೊಂಡು ಮೈಸೂರಿಗೆ ಕರೆದೊಯ್ದರು. ನಾನೂ ಹೋದೆ. ಪರೀಕ್ಷೆಗಳೆಲ್ಲ ಆದಮೇಲೆ ಡಾಕ್ಟರು ಗರ್ಭಕೋಶದ ಕ್ಯಾನ್ಸರ್ ಎಂದರು, ಹರಡಿದೆ ಎಂದರು. ಹಾರ್ಮೋನಿನ ಮಾತ್ರೆ ನುಂಗಿದ್ದೀರಾ ಎಂದರು. ಅಕ್ಕ ಹೂಂ ಎಂದಳು. ಗರ್ಭಕೋಶ ಇರುವವರಿಗೆ ಆ ಮಾತ್ರೆಯ ಜೊತೆ ಗರ್ಭಕೋಶವನ್ನು ಕಾಯುವ ಇನ್ನೊಂದು ಮಾತ್ರೆ ಕೊಡಬೇಕು. ಹಾಗೆ ಎರಡೂ ತೆಗೆದುಕೊಂಡು, ಆಗಾಗ ತೋರಿಸಿಕೊಂಡು ಎಷ್ಟೋ ಜನ ಸುಖವಾಗಿದ್ದಾರೆ. ಇದರಿಂದಲೇ ಎಂದು ಖಂಡಿತ ಹೇಳಲಾರೆ, ಆದರೆ ಒಂಟಿಯಾಗಿ ಕೊಟ್ಟವರು ಯಾರು ಎಂದು ಕೇಳಿದರು.

ಭಾವ ಅವಳ ಮುಖ ನೋಡಿದರು. ನಾನು ಕಿಟಕಿಯ ಪಕ್ಕ ನಿಂತಿದ್ದೆ.

"ಶ್ರೀರಂಗಪಟ್ಣದ್ ಮೆಡಿಕಲ್ ಸ್ಟೋರಲ್ಲಿ ನಾನೇ ಕೇಳಿ ತಕಂಡೆ" ಎಂದಳು ಅಕ್ಕ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವತ್ತು ಸಂಜೆ ವಾರ್ಡಿನಲ್ಲಿ ಇಬ್ಬರೇ ಇದ್ದಾಗ ನಾನು ಅವಳ ಕಾಲು ಹಿಡಿದುಕೊಂಡೆ. ಕಾಲು ಎಳೆದುಕೊಂಡಳು. "ನೀನು ಆ ಮನೇಲಿ ಬಾಳ್ಬೇಕು. ಬಾಯ್ ಬುಡ್ಬೇಡ" ಎಂದಳು. ಇಷ್ಟೇ. ಆಮೇಲೆ ಆ ಮಾತು ಎತ್ತಲಿಲ್ಲ. ಹತ್ತು ತಿಂಗಳು ಇದ್ದಳು. ಕೊನೆಕೊನೆಗೆ ಎಷ್ಟು ಸೊರಗಿದಳೆಂದರೆ ನಾನೊಬ್ಬಳೇ ಎತ್ತಿ ಸ್ನಾನ ಮಾಡಿಸುತ್ತಿದ್ದೆ.

ಈಗ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ನಲವತ್ತು ದಾಟಿದ ಯಾವ ಹೆಂಗಸು ಸಿಕ್ಕರೂ ನಾಚಿಕೆ ಬಿಟ್ಟು ಹೇಳುತ್ತೇನೆ: ನಿಂತಮೇಲೆ ಒಂದು ತೊಟ್ಟು ಕಂಡರೂ ಹೊರಗೆ ಕೂರಬೇಡಿ, ಆಸ್ಪತ್ರೆಗೆ ನಡೆಯಿರಿ. ಟೀಚರಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹಾಗೆ ಹೇಳಿದಷ್ಟರಿಂದ ನನ್ನ ತಪ್ಪು ಕಳೆಯುವುದಿಲ್ಲ.

ಭಾವ ಇವತ್ತಿಗೂ ಆ ಮೆಡಿಕಲ್ ಸ್ಟೋರಿನ ಮುಂದೆ ಹೋಗುವಾಗ ಮುಖ ತಿರುಗಿಸಿ ಉಗಿಯುತ್ತಾರೆ. ಜ್ವರದ ಮಾತ್ರೆ ಬೇಕಾದರೂ ಪಾಂಡವಪುರದ ತನಕ ಹೋಗುತ್ತಾರೆ. ಹಳೆಯ ಗಿರಾಕಿ ಯಾಕೆ ಉಗಿಯುತ್ತಾರೆಂದು ಅಂಗಡಿಯವನಿಗೆ ಗೊತ್ತಿಲ್ಲ. ಕಳೆದ ವಾರ ಅವನು ನನ್ನನ್ನೇ ಕೇಳಿದ. ನಾನು ಚಿಲ್ಲರೆ ತೆಗೆದುಕೊಂಡು ಬಂದುಬಿಟ್ಟೆ.

ಅಕ್ಕನ ಮಾತು ಮೀರುತ್ತಿದ್ದೇನೆ. ಭಾವ, ಅವಳಿಗೆ ಮಾತ್ರೆ ಕೊಟ್ಟದ್ದು ಅವನಲ್ಲ, ನಾನು.