ಸ್ಟೂಲಕ್ಕ ಕೂತ ಜಾಗ

ಬಚ್ಚಲುಮನೆಯ ಸ್ವಿಚ್ಚಿನಿಂದ ಸುಟ್ಟ ವಾಸನೆ ಬರತೊಡಗಿ ಬಹಳ ದಿನವಾಗಿತ್ತು. ಮಿಕ್ಸಿ ಹಾಕಿದರೆ ಹಾಲ್‌ನ ದೀಪ ಮಿಣಮಿಣ ಎನ್ನುತ್ತಿತ್ತು. ಇಸ್ತ್ರಿಪೆಟ್ಟಿಗೆ ಹಾಕಿದರೆ ಫ್ಯಾನು ಉಪವಾಸ ಬಿದ್ದವರ ಹಾಗೆ ತಿರುಗುತ್ತಿತ್ತು. ನನ್ನ ಗಂಡನಿಗೆ ಹೇಳಿದರೆ "ನೋಡೋಣ" ಎನ್ನುತ್ತಾರೆ. ಅವರ ನೋಡೋಣವನ್ನು ನಂಬಿದರೆ ಮನೆ ಬೂದಿಯಾದ ಮೇಲೆ ನೋಡಬೇಕಷ್ಟೆ. ನಾನೇ ಫೋನ್ ಮಾಡಿ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಬಂದ, ಬೋರ್ಡು ಬಿಚ್ಚಿದ, ಫೋಟೋ ತೆಗೆದುಕೊಂಡ, "ಸಾಮಾನು ತರ್ತೀನಿ ಮೇಡಂ" ಎಂದು ಹೋದವನು ಹೋದ. ಬಿಚ್ಚಿದ ಬೋರ್ಡು ಬಾಯಿ ತೆರೆದುಕೊಂಡು ಗೋಡೆಯ ಮೇಲೆ ಹಾಗೇ ಉಳಿಯಿತು.

ಕೊನೆಗೆ ಪಕ್ಕದ ಮನೆಯವರು ಹೇಳಿದರು: "ಕರೆಂಟಣ್ಣನ್ನ ಕರೆಸಿ. ಕೆಲಸ ನಿಧಾನ, ಆದ್ರೆ ಒಂದು ಸಲ ಮಾಡಿದ್ರೆ ಮತ್ತೆ ಮುಟ್ಟೋ ಹಾಗಿರಲ್ಲ. ಹಾಂ, ಒಂದು ಸ್ಟೂಲ್ ರೆಡಿ ಇಟ್ಟಿರಿ."

"ಯಾಕೆ, ಅವರ ಹತ್ರ ಏಣಿ ಇಲ್ವಾ?"

"ಏಣಿ ಅವರಿಗೆ. ಸ್ಟೂಲು ಅವರ ಹೆಂಡತಿಗೆ" ಎಂದು ಆಕೆ ಕಿಸಕ್ಕನೆ ನಕ್ಕರು.

ಮರುದಿನ ಬೆಳಿಗ್ಗೆ ಇಬ್ಬರೂ ಬಂದರು. ಮುಂದೆ ಕರೆಂಟಣ್ಣ, ಸಣಕಲು ಮೈ, ಹೆಗಲಿಗೆ ಸಾಮಾನಿನ ಚೀಲ, ಎಡಗೈಯ ಎರಡು ಬೆರಳು ಒಳಕ್ಕೆ ಮಡಚಿಕೊಂಡೇ ಇದ್ದವು. ಹಿಂದೆ ಅವರ ಹೆಂಡತಿ, ಕೈಯಲ್ಲಿ ನೀರಿನ ಬಾಟಲಿ ಮತ್ತು ಒಂದು ಪುಟ್ಟ ದಿಂಬು. ನಮ್ಮ ಮೇನ್ ಸ್ವಿಚ್ಚು ಇರುವುದು ಮಹಡಿಗೆ ಹೋಗುವ ಮೆಟ್ಟಿಲಿನ ಕೆಳಗೆ. ಆಕೆ ಸ್ಟೂಲನ್ನು ಅಲ್ಲಿಗೆ ಎಳೆದುಕೊಂಡು, ದಿಂಬು ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತರು. ಕರೆಂಟಣ್ಣ ಹಳೆಯ ಪಿಂಗಾಣಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಕೊಟ್ಟರು. ಆಕೆ ಅವನ್ನು ಮಡಿಲಲ್ಲಿ ಹಾಕಿಕೊಂಡರು. ಗಂಡ ಒಳಗೆ ಹೋದರು.

"ಇನ್ನು ಯಾರೂ ಮೇನ್ ಮುಟ್ಟೋ ಹಾಗಿಲ್ಲ ಕಣಮ್ಮ. ನೀವೂ ಅಷ್ಟೇ" ಎಂದರು ಆಕೆ ನನಗೆ.

ನನ್ನ ಮನೆಯ ಮೇನ್ ಮುಟ್ಟಲು ನನಗೇ ಅಪ್ಪಣೆಯಿಲ್ಲ! ಮೈಯೆಲ್ಲ ಉರಿಯಿತು. ಸುಮ್ಮನೆ ಕೂರುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಒಂದು ತಟ್ಟೆ ಬಟಾಣಿ ತಂದು ಮುಂದೆ ಹಿಡಿದು, "ಹೊತ್ತು ಹೋಗಲಿ, ಇದನ್ನಾದ್ರೂ ಬಿಡಿಸ್ತೀರಾ?" ಎಂದೆ.

"ಕೈಗೆ ಕೆಲಸ ಕೊಟ್ರೆ ಕಣ್ಣು ಅದರ ಹಿಂದೇನೇ ಹೋಗುತ್ತೆ. ಬೇಡ ಕಣಮ್ಮ" ಎಂದು ತಟ್ಟೆಯನ್ನು ನನ್ನ ಕಡೆಗೇ ತಳ್ಳಿದರು. ಬಟಾಣಿಯನ್ನು ನಾನೇ ಬಿಡಿಸಿಕೊಂಡೆ.

ಇಡೀ ಬಡಾವಣೆಗೆ ಆಕೆ ಸ್ಟೂಲಕ್ಕ. ಅಂಗಡಿಯವರು, ಗಾರೆಯವರು, ನಲ್ಲಿ ರಿಪೇರಿಯವರು, ಎಲ್ಲರಿಗೂ ಈ ಜೋಡಿಯೆಂದರೆ ತಮಾಷೆ. ಹೆಂಡತಿ ಬರದಿದ್ದರೆ ಕರೆಂಟಣ್ಣ ಬಲ್ಬನ್ನೂ ತಿರುಗಿಸುವುದಿಲ್ಲ ಎನ್ನುವರು. ಆ ಮನೆಯಲ್ಲಿ ಮೇನ್ ಯಾರೆಂದು ಕೇಳುವುದೇ ಬೇಡ ಎನ್ನುವರು. ಗಂಡ ಹೆಂಡಿರಿಬ್ಬರ ಕಿವಿಗೂ ಇದೆಲ್ಲ ಬಿದ್ದಿದೆ. ಇಬ್ಬರೂ ಉತ್ತರ ಕೊಟ್ಟವರಲ್ಲ.

ಕಾರಣವನ್ನು ಸ್ಟೂಲಕ್ಕನೇ ಹೇಳಿದರು. ಮಧ್ಯಾಹ್ನ ಟೀ ಕೊಟ್ಟು, ನಾನೂ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದೆ. ಕೋಪ ಬಂದಷ್ಟೇ ಬೇಗ ಇಳಿಯುವುದೂ ನನ್ನ ಸ್ವಭಾವವೇ.

ಮದುವೆಯಾದ ಹೊಸತು. ಕರೆಂಟಣ್ಣ ಯಾರದೋ ಮನೆಯ ಮಹಡಿಯಲ್ಲಿ ವೈರಿಂಗ್ ಮಾಡುತ್ತಿದ್ದರು. ಫ್ಯೂಸು ಕಿತ್ತು ಪೆಟ್ಟಿಗೆಯ ಮೇಲಿಟ್ಟು, ಮನೆಯವರಿಗೆಲ್ಲ ಹೇಳಿಯೂ ಹೋಗಿದ್ದರು. ಹೊರಗಿನಿಂದ ಬಂದ ಯಜಮಾನರಿಗೆ ಮಾತ್ರ ಯಾರೂ ಹೇಳಲಿಲ್ಲ. ಮನೆ ಕತ್ತಲಾಗಿದೆಯೆಂದು ಅವರು ಫ್ಯೂಸು ಸಿಕ್ಕಿಸಿದರು. ಮೇಲೆ ಕರೆಂಟಣ್ಣ ಏಣಿಯಿಂದ ಎಗರಿ ಬಿದ್ದರು. ಜೀವ ಉಳಿಯಿತು, ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ.

"ಆಸ್ಪತ್ರೆಗೆ ಬಂದ ಆ ಯಜಮಾನ ಏನಂದ ಗೊತ್ತಾ? 'ಕತ್ತಲಿತ್ತಲ್ಲಮ್ಮ, ಅದಕ್ಕೆ ಹಾಕ್ದೆ' ಅಂದ. ಅಷ್ಟೇ ಕಣಮ್ಮ. ಅವನ ಕತ್ತಲೆಗೆ ನನ್ನ ಗಂಡ ಸಾಯ್ತಿದ್ದ. ಇವರು ಎದ್ದು ಮತ್ತೆ ಕೆಲಸಕ್ಕೆ ಹೊರಟ ದಿನ ನಾನೂ ಚಪ್ಪಲಿ ಮೆಟ್ಕೊಂಡು ಹಿಂದೆ ಹೊರಟೆ. ನಾನು ಕೂತಿರುವಾಗ ಯಾರು ಹಾಕ್ತಾರೋ ನೋಡೋಣ ಅಂತ."

ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಹೆದರಿಕೆ ಎನ್ನುತ್ತಾರೆ. ಇಲ್ಲಿ ಕಚ್ಚಿಸಿಕೊಂಡವರು ಒಬ್ಬರು, ಹೆದರಿದವರು ಇನ್ನೊಬ್ಬರು. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ.

ಮೊದಲ ದಿನವೇ ಹಳೆಯ ಫ್ಯೂಸಿನ ಪೆಟ್ಟಿಗೆ ಹೋಗಿ, ತಗಡಿನ ಮುಚ್ಚಳವಿದ್ದ ಹೊಸ ಡಬ್ಬಿ ಬಂತು. ಇದರಲ್ಲಿ ಫ್ಯೂಸಿಲ್ಲ, ಸಾಲಾಗಿ ಪುಟ್ಟ ಸ್ವಿಚ್ಚುಗಳು. ಎಲ್ಲಾದರೂ ಹೆಚ್ಚುಕಡಿಮೆಯಾದರೆ ಸ್ವಿಚ್ಚು ತಾನೇ ಕೆಳಕ್ಕೆ ಬೀಳುತ್ತದೆ, ಸರಿಯಾದ ಮೇಲೆ ಬೆರಳಲ್ಲಿ ಮೇಲೆತ್ತಿದರಾಯಿತು. ಇದನ್ನು ಕರೆಂಟಣ್ಣ ನಮ್ಮ ಮಾವನಿಗೆ ತಾಳ್ಮೆಯಿಂದ ತೋರಿಸಿಕೊಟ್ಟರು. ಮಾವನಿಗೆ ಕಿವಿ ಮಂದ, ಉತ್ಸಾಹ ಮಾತ್ರ ಚುರುಕು. ಸಂಜೆ ಕೆಲಸ ನಿಲ್ಲಿಸಿದ ಮೇಲೆ ಬಂದವರಿಗೆಲ್ಲ ಮುಚ್ಚಳ ತೆಗೆದು, "ಬಿದ್ರೆ ಹೀಗೆ ಎತ್ತೋದು, ಅಷ್ಟೇ!" ಎಂದು ತೋರಿಸಿದ್ದೇ ತೋರಿಸಿದ್ದು.

ಎರಡನೆಯ ದಿನ ಸ್ಟೂಲಕ್ಕನ ಮುಖ ಬಾಡಿತ್ತು. ಕೂತರು, ಆದರೆ ದಿಂಬು ತಂದಿರಲಿಲ್ಲ. ಕರೆಂಟಣ್ಣ ಸ್ವಿಚ್ಚು ಇಳಿಸಿ, ಡಬ್ಬಿಯ ಮುಚ್ಚಳ ಮುಚ್ಚಿ ಮಹಡಿಗೆ ಹೋದರು. ಮಡಿಲಲ್ಲಿ ಹಾಕಿಕೊಳ್ಳಲು ಫ್ಯೂಸುಗಳೂ ಇರಲಿಲ್ಲ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಕಾಣುತ್ತಿದ್ದರು.

"ಏನಕ್ಕ, ಗಂಡ ಹೆಂಡತಿ ಜಗಳಾನಾ?" ಎಂದೆ.

"ಜಗಳ ಆಗಿದ್ರೆ ಉಂಡು ಮಲಗೋ ಹೊತ್ತಿಗೆ ಮುಗೀತಿತ್ತು ಬಿಡಮ್ಮ. ಇದು ಮಗಳ ಕೆಲಸ."

ಅವರ ಮಗಳು ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಮೆಷಿನ್ ರಿಪೇರಿ ಮಾಡುವಾಗ ಸ್ವಿಚ್ಚಿಗೆ ಒಂದು ಕ್ಲಿಪ್ಪು ಸಿಕ್ಕಿಸಿ ಬೀಗ ಜಡಿಯುತ್ತಾರಂತೆ. ಕೀಲಿ ರಿಪೇರಿ ಮಾಡುವವನ ಜೇಬಿನಲ್ಲೇ ಇರುತ್ತದೆ, ಯಾರು ಬಂದರೂ ಸ್ವಿಚ್ಚು ಏಳುವುದಿಲ್ಲ. ಆ ಬೆಳಿಗ್ಗೆ ಮಗಳು ಅಂಥದೇ ಒಂದು ಕ್ಲಿಪ್ಪು, ಒಂದು ಕೆಂಪು ಬೀಗ ತಂದು ಅಪ್ಪನ ಕೈಗೆ ಕೊಟ್ಟಿದ್ದಳು. ಅಮ್ಮನ ಸೊಂಟ ನೋವು ನೋಡೋಕಾಗಲ್ಲ, ಇನ್ನು ಅವಳು ಯಾರ ಮನೆಯ ಮೆಟ್ಟಿಲ ಕೆಳಗೂ ಕೂರುವುದು ಬೇಡ ಎಂದು ಖಡಾಖಂಡಿತವಾಗಿ ಹೇಳಿದ್ದಳು. ಕರೆಂಟಣ್ಣ "ಹೂಂ" ಎಂದು ಚೀಲಕ್ಕೆ ಹಾಕಿಕೊಂಡಿದ್ದರು.

"ಒಳ್ಳೇದೇ ಆಯ್ತಲ್ಲ ಅಕ್ಕ. ಆರಾಮಾಗಿ ಮನೇಲಿರಬಹುದು" ಎಂದೆ.

"ಒಳ್ಳೇದೇ. ನಿಮ್ಮನೆ ಕೆಲಸ ಮುಗಿದ್ರೆ ನನ್ನದೂ ಮುಗೀತು." ಆಮೇಲೆ ತಡೆಯಲಾಗದೆ ಒಂದೇ ಉಸಿರಿಗೆ ಹೇಳಿದರು: "ಮಗು ಹಸುಗೂಸಾಗಿದ್ದಾಗ ಮಡಿಲಲ್ಲಿ ಹಾಕ್ಕೊಂಡು ಕೂತಿದ್ದೀನಿ. ಜ್ವರ ಬಂದಾಗ ಕೂತಿದ್ದೀನಿ. ಜನ ನಗ್ತಾರೆ ಅಂತ ಗೊತ್ತಿದ್ದೂ ಕೂತಿದ್ದೀನಿ. ಆ ಬೀಗಕ್ಕೆ ಸೊಂಟ ನೋಯಲ್ಲ, ತೂಕಡಿಕೆ ಬರಲ್ಲ, ನೀವು ಟೀ ಕೊಡೋದೂ ಬೇಡ. ಒಂದು ಬೀಗ ಮಾಡೋ ಕೆಲಸಾನೇನಮ್ಮ ನಾನು ಇಷ್ಟು ವರ್ಷ ಮಾಡಿದ್ದು?"

ನನ್ನ ಬಾಯಿಗೆ ಬೀಗವೇ ಇಲ್ಲವೆಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಆ ಹೊತ್ತಿಗೆ ಮಾತ್ರ ಮಾತನ್ನು ತೂಗಿ ನೋಡಿದೆ. ಪಾಪ ಎನಿಸಿತು, ಪಾಪ ಎಂದರೆ ಇನ್ನೂ ನೊಂದುಕೊಳ್ಳುತ್ತಾರೆ ಎಂದೂ ಅನಿಸಿತು. ಮಾತು ತಪ್ಪಿಸಲು, "ಅಣ್ಣ ಮಹಡಿ ಮೇಲಿನ ಅಟ್ಟದಲ್ಲಿದ್ದಾರೆ, ಭಾರಿ ಧೂಳು. ಅವರು ಕೆಲಸ ಮಾಡೋದು ನೋಡಿದ್ರೆ ಭಯ ಆಗುತ್ತೆ" ಎಂದೆ.

"ನಾನು ನೋಡೇ ಇಲ್ಲ" ಎಂದರು.

"ಏನು?"

"ಅವರು ಕೆಲಸ ಮಾಡೋದನ್ನ. ಒಂದು ದಿನಾನೂ ನೋಡಿಲ್ಲ."

ನನಗೆ ನಗು ಬಂತು. "ಹೋಗಿ ಅಕ್ಕ, ದಿನಾ ಜೊತೇಲಿ ಬರ್ತೀರಿ!"

"ಬರ್ತೀನಿ. ಅವರು ಒಳಗೆ, ನಾನು ಮೇನ್ ಹತ್ರ. ಹೇಗೆ ನೋಡ್ಲಿ?"

ನಿಜವೇ. ಊರಿನ ಅರ್ಧ ಮನೆಗಳಿಗೆ ದೀಪ ಹಾಕಿಸಿದ ಗಂಡನ ಕೈಗಳು ಹೇಗೆ ಓಡಾಡುತ್ತವೆಂದು ಆಕೆಗೆ ಗೊತ್ತಿರಲಿಲ್ಲ. ನನ್ನ ನಗು ನಿಂತುಹೋಯಿತು. ಸ್ಟೂಲಕ್ಕ ತಲೆಯೆತ್ತಿ, ಮುಚ್ಚಿದ್ದ ತಗಡಿನ ಮುಚ್ಚಳವನ್ನು ಒಮ್ಮೆ ನೋಡಿದರು. "ಇವತ್ತು ಬೀಗ ಇದೆಯಲ್ಲ" ಎಂದು ಮಂಡಿಗೆ ಕೈಯೂರಿ ಎದ್ದರು.

ಮೆಟ್ಟಿಲು ಹತ್ತಲು ಅವರಿಗೆ ಕಷ್ಟವಾಗುತ್ತಿತ್ತು. ಕರೆಂಟಣ್ಣನಿಗೆ ಕೊಡಲೆಂದು ಟೀ ಹಿಡಿದು ನಾನೂ ಹಿಂದೆ ಹೋದೆ. ಮೇಲಿನ ಕೋಣೆಯಲ್ಲಿ, ಬಾಗಿಲಿನ ಮೇಲಿದ್ದ ಇಕ್ಕಟ್ಟಾದ ಅಟ್ಟದೊಳಗೆ ಕರೆಂಟಣ್ಣ ಹೊಟ್ಟೆಯ ಮೇಲೆ ಮಲಗಿ ನುಸುಳಿದ್ದರು. ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದರು. ಕುತ್ತಿಗೆಯ ಹತ್ತಿರ, ಮೊಣಕೈ ಕೆಳಗೆ, ಎಲ್ಲೆಲ್ಲೂ ತುದಿ ಸುಲಿದ ತಂತಿಗಳು. ಹೊರಳಲೂ ಜಾಗವಿರಲಿಲ್ಲ.

"ಅಯ್ಯೋ ಶಿವನೇ, ಇಂಥಾ ಬಿಲದಲ್ಲೆಲ್ಲ ತೂರ್ತೀರಾ ನೀವು?" ಎಂದರು ಸ್ಟೂಲಕ್ಕ.

ಕರೆಂಟಣ್ಣ ಬಾಯಿಂದ ಟಾರ್ಚು ಬೀಳಿಸಿದರು. "ನೀನ್ಯಾಕೆ ಇಲ್ಲಿಗೆ ಬಂದೆ? ಕೆಳಗೆ ಯಾರಿದ್ದಾರೆ?"

"ಯಾರೂ ಇಲ್ಲ. ಬೀಗ ಇದೆಯಲ್ಲ."

"ಬೀಗ ಹಾಕಿಲ್ಲ ಕಣೇ!"

ಅದೇ ಹೊತ್ತಿಗೆ ಕೆಳಗೆ ಮಾವನ ಕೋಣೆಯ ಬಾಗಿಲು ತೆರೆದ ಸದ್ದು. ಮಧ್ಯಾಹ್ನದ ನಿದ್ದೆಯಿಂದ ಎದ್ದಿದ್ದರು, ಫ್ಯಾನು ತಿರುಗುತ್ತಿರಲಿಲ್ಲ. "ಓಹೋ, ಬಿದ್ದಿದೆ!" ಎಂದು ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಂಡದ್ದು ಮೇಲಿನವರೆಗೆ ಕೇಳಿಸಿತು. ಅದರಲ್ಲಿ ಖುಷಿಯಿತ್ತು.

"ಮಾವಾ! ಮುಟ್ಬೇಡಿ!" ಎಂದು ಕಿರುಚಿದೆ. ಅವರ ಕಿವಿಗೆ ಬೀಳಬೇಕಲ್ಲ!

ಸ್ಟೂಲಕ್ಕ ಆಗಲೇ ಹೊರಟಿದ್ದರು. ಹತ್ತುವಾಗ ಮೆಟ್ಟಿಲು ಮೆಟ್ಟಿಲಿಗೂ ನರಳಿದ ಹೆಂಗಸು ಇಳಿಯುವಾಗ ಕಂಬಿ ಹಿಡಿದು ಜಾರಿಕೊಂಡೇ ಹೋದರು. ಹಿಂದೆ ಓಡಿದ ನನ್ನ ಕೈಯ ಟೀಯೆಲ್ಲ ಗೋಡೆಗೆ ಚೆಲ್ಲಿತು. ನಾನು ತಿರುವಿಗೆ ಬಂದಾಗ ಕಂಡದ್ದು: ತೆರೆದ ಮುಚ್ಚಳ, ಸ್ವಿಚ್ಚಿನ ಕೆಳಗೆ ಮಾವನ ಬೆರಳು, ಆ ಕೈಯ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಜಗ್ಗುತ್ತಿದ್ದ ಸ್ಟೂಲಕ್ಕ. ಸ್ವಿಚ್ಚು ಇನ್ನೂ ಕೆಳಗೇ ಇತ್ತು.

"ನಮ್ಮನೆ ಸ್ವಿಚ್ಚು ನಾನು ಎತ್ತಬಾರದೇನಮ್ಮ?" ಎಂದರು ಮಾವ ಸಿಟ್ಟಿನಿಂದ. ಅವರ ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ. ಅರ್ಥವಾಗುತ್ತಲೇ ಮುದುಕರ ಮುಖ ಬಿಳಿಚಿಕೊಂಡಿತು. "ನನಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಗಲಿಲ್ಲ" ಎನ್ನುತ್ತ ಅದೇ ಸ್ಟೂಲಿನ ಮೇಲೆ ಕುಸಿದು ಕೂತರು.

ಕರೆಂಟಣ್ಣ ಮೈಯೆಲ್ಲ ಧೂಳು ಮಾಡಿಕೊಂಡು ಇಳಿದು ಬಂದರು. ಸ್ಟೂಲಕ್ಕ ಏದುಸಿರು ಬಿಡುತ್ತ, "ಬೀಗ ಎಲ್ಲಿ?" ಎಂದರು. ಅವರು ಚೀಲದಿಂದ ತೆಗೆದು ತೋರಿಸಿದರು. ಪ್ಲಾಸ್ಟಿಕ್ ಕವರನ್ನೂ ಒಡೆದಿರಲಿಲ್ಲ.

"ಯಾಕ್ರೀ ಹಾಕಲಿಲ್ಲ? ಅವಳು ಅಷ್ಟು ಬಡ್ಕೊಂಡಳಲ್ಲ! ಈಗ ಸತ್ತೇ ಹೋಗ್ತಿದ್ರಲ್ಲ!"

"ಹಾಕೋಣ ಅಂತ ತೆಗೆದೆ." ಕರೆಂಟಣ್ಣ ತಲೆ ತಗ್ಗಿಸಿಕೊಂಡರು. "ಅಷ್ಟರಲ್ಲಿ ನೀನು ಸ್ಟೂಲ್ ಎಳ್ಕೊಂಡು ಬಂದು ಕೂತೆ. ನೀನು ಕೂತಿರುವಾಗ ಬೀಗ ಹಾಕೋಕೆ ಕೈ ಬರಲಿಲ್ಲ ಕಣೇ."

ಸ್ಟೂಲಕ್ಕ ಅತ್ತರು. ಮರೆಮಾಚದೆ, ನಮ್ಮೆಲ್ಲರ ಎದುರಿಗೇ, ಬಿಕ್ಕಿ ಬಿಕ್ಕಿ ಅತ್ತರು. "ಹುಚ್ಚು ಮನುಷ್ಯ, ಹುಚ್ಚು ಮನುಷ್ಯ" ಎಂದು ಗಂಡನ ತೋಳಿಗೆ ಎರಡೇಟು ಹಾಕಿದರು. ಆಮೇಲೆ ಕಣ್ಣೊರೆಸಿಕೊಂಡು, ಕವರನ್ನು ಹಲ್ಲಿನಿಂದ ಹರಿದು, ಗಂಡ ತೋರಿಸಿಕೊಟ್ಟ ಹಾಗೆ ಕ್ಲಿಪ್ಪನ್ನು ಸ್ವಿಚ್ಚಿಗೆ ಸಿಕ್ಕಿಸಿ ಬೀಗ ಹಾಕಿದರು. ಜಗ್ಗಿ ನೋಡಿದರು. ನಂಬಿಕೆ ಬರದೆ ಇನ್ನೊಮ್ಮೆ ಜಗ್ಗಿದರು. ಕೀಲಿಯನ್ನು ಗಂಡನ ಅಂಗಿಯ ಜೇಬಿಗೆ ತುರುಕಿ, "ನಡೀರಿ. ಟಾರ್ಚು ನಾನು ಹಿಡೀತೀನಿ" ಎಂದರು.

ಮಾವನಿಗೆ ನೀರು ಕೊಟ್ಟು, ಗೋಡೆಯ ಟೀ ಒರೆಸಿ, ನಾನು ಮೇಲೆ ಹೋದಾಗ ಕರೆಂಟಣ್ಣ ಮತ್ತೆ ಅಟ್ಟದೊಳಗೆ ಸೇರಿದ್ದರು. ಸ್ಟೂಲಕ್ಕ ಏಣಿಯ ನಡುವಿನ ಮೆಟ್ಟಿಲ ಮೇಲೆ ನಿಂತು ಟಾರ್ಚು ಹಿಡಿದಿದ್ದರು. ಒಳಗೆ ಮಡಚಿದ ಎರಡು ಬೆರಳುಗಳ ಕೈ ಒಂದು ತಂತಿಯನ್ನು ಒತ್ತಿ ಹಿಡಿದಿತ್ತು, ಇನ್ನೊಂದು ಕೈ ಸುತ್ತುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ನಮ್ಮವರು ಕಚೇರಿಯಲ್ಲಿ ಏನು ಮಾಡುತ್ತಾರೆಂದು ನಾನು ಒಂದು ದಿನವೂ ಕೇಳಿದವಳಲ್ಲ.

"ಇಷ್ಟು ನಿಧಾನಾನಾ ನೀವು! ಕೆಳಗೆ ಕೂತಾಗ ಇಲ್ಲೇನೋ ಭಾರಿ ಕೆಲಸ ನಡೀತಿದೆ ಅಂದ್ಕೊಳ್ತಿದ್ದೆ" ಎನ್ನುತ್ತಿದ್ದರು ಸ್ಟೂಲಕ್ಕ.

"ಟಾರ್ಚು ನೆಟ್ಟಗೆ ಹಿಡಿಯೇ" ಎಂದಿತು ಒಳಗಿನ ಧ್ವನಿ. "ನನ್ನ ಮುಖದ ಮೇಲೆ ಯಾಕೆ ಬಿಡ್ತೀಯ, ತಂತಿ ಮೇಲೆ ಬಿಡು."

"ಇರ್ರಿ, ಸ್ವಲ್ಪ ನೋಡ್ತೀನಿ" ಎಂದರು ಅಕ್ಕ.