ಹನ್ನೆರಡೂವರೆಯ ಊಟ

2012ನೇ ಇಸವಿ, ನವೆಂಬರ್ ನಾಲ್ಕು, ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಕೆಳಗಿನ ಮನೆಯ ಮಿತ್ರರು. ಊಟದ ಮೇಜಿನ ಮೇಲೆ ಹಳೆಯ ಹಸಿರು ಚಾದರ ಹಾಸಿತ್ತು. ನಮ್ಮ ಸಂಘದ ಪೋಕರ್ ಪಂದ್ಯಗಳು ಡಿಸೆಂಬರಿನ ಮೊದಲ ಭಾನುವಾರ ಶುರುವಾಗಿ ಫೆಬ್ರವರಿವರೆಗೆ ನಡೆಯಲಿದ್ದವು. ಉಳಿದದ್ದು ನಾಲ್ಕು ವಾರ. ಅಷ್ಟರಲ್ಲಿ ನಾನು ಒಬ್ಬನೇ ಒಬ್ಬ ಮನುಷ್ಯನನ್ನು ಕೆಡವಲು ತಯಾರಾಗಬೇಕಿತ್ತು. ಆತ ನನ್ನ ಹೆಂಡತಿಯ ತಮ್ಮ. ಕಪ್ ಯಾರ ಮನೆಯ ಕಪಾಟು ಸೇರಿದರೂ ನನಗೆ ಚಿಂತೆಯಿರಲಿಲ್ಲ. ಅವನ ಮನೆಯಿಂದ ಹೊರಗೆ ಬಿದ್ದರೆ ಸಾಕು.

ಕಾರಣ ಹೇಳುತ್ತೇನೆ. ನಾನು ಮೂವತ್ತಾರು ವರ್ಷ ಒಂದು ಕಾರ್ಖಾನೆಯ ಟೈಂ ಆಫೀಸಿನಲ್ಲಿದ್ದೆ. ಬೆಳಗ್ಗೆ ಎಂಟಕ್ಕೆ ಗೇಟು ಮುಚ್ಚಿಸುವುದು, ಹನ್ನೆರಡೂವರೆಗೆ ಊಟದ ಸೈರನ್ ಹಾಕಿಸುವುದು ನನ್ನ ಕೆಲಸ. ಸೈರನ್ ಹಾಕಿಸಿದವನೇ ತಡವಾಗಿ ಉಂಡರೆ ಕೆಲಸಗಾರರಿಗೆ ಶಿಸ್ತು ಹೇಳಲು ಮುಖವೆಲ್ಲಿ? ಹನ್ನೆರಡೂವರೆಗೆ ಡಬ್ಬಿ ತೆರೆಯುತ್ತಿದ್ದೆ. ನಿವೃತ್ತನಾದ ಮೇಲೂ ಅದನ್ನು ಬಿಡಲಿಲ್ಲ. ಮದುವೆಗಳಲ್ಲಿ ಎಲೆ ಹಾಕುವುದು ತಡವಾಗುವ ಹಾಗಿದ್ದರೆ ಮನೆಯಲ್ಲೇ ಉಂಡು ಹೋಗುತ್ತಿದ್ದೆ.

ನಮ್ಮದು ನಿವೃತ್ತರ ಸಂಘ. ಮೊದಲೆಲ್ಲ ರಮ್ಮಿ ಆಡುತ್ತಿದ್ದೆವು. ಟೀವಿಯಲ್ಲಿ ಪೋಕರ್ ನೋಡಿ ನೋಡಿ ಕೆಲವರಿಗೆ ಹುಚ್ಚು ಹಿಡಿದು, ಕೊನೆಗೆ ಎಲ್ಲರೂ ಅದಕ್ಕೇ ಹೊರಳಿದೆವು. ದುಡ್ಡಿಗೆ ಆಡುವಂತಿಲ್ಲ. ಎಲ್ಲರಿಗೂ ಸಮನಾಗಿ ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಾರೆ. ಬಿಲ್ಲೆ ಮುಗಿದವರು ಏಳುತ್ತಾರೆ, ಕೊನೆಗೆ ಉಳಿದವರು ಗೆದ್ದ ಹಾಗೆ. ಇಸ್ಪೀಟಿನ ಎಲೆ ನೋಡುವ ಮೊದಲೇ ಸರದಿಯಂತೆ ಕಡ್ಡಾಯವಾಗಿ ಇಡಬೇಕಾದ ಬಿಲ್ಲೆಗಳಿರುತ್ತವೆ, ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ಕುರ್ಚಿ ಖಾಲಿಯಿದ್ದರೂ ಆಟ ನಿಲ್ಲುವುದಿಲ್ಲ, ಬ್ಲೈಂಡ್ ಕಳೆಯುತ್ತಲೇ ಹೋಗುತ್ತದೆ. ಆಟ ಹತ್ತಕ್ಕೆ ಶುರು, ಊಟದ ಬಿಡುವು ಎರಡಕ್ಕೆ.

ಹಿಂದಿನ ಫೆಬ್ರವರಿಯ ಕೊನೆಯ ಪಂದ್ಯದಲ್ಲಿ ಏಳು ಜನ ಉಳಿದಿದ್ದೆವು. ನನ್ನ ಬಿಲ್ಲೆಗಳು ಎಲ್ಲರಿಗಿಂತ ಎತ್ತರವಾಗಿದ್ದವು. ಹೆಂಡತಿಯ ತಮ್ಮ ಅಂದು ಹನ್ನೊಂದರಿಂದ ಒಂದೊಂದು ಎಲೆಗೂ ಗದ್ದಕ್ಕೆ ಕೈಹಚ್ಚಿ ಮೂರು ಮೂರು ನಿಮಿಷ ಕುಳಿತ. ಹನ್ನೆರಡೂವರೆಗೆ ಬ್ಲೈಂಡ್ ದುಪ್ಪಟ್ಟಾಗುವುದಿತ್ತು. ಅದು ನನಗೂ ಗೊತ್ತಿತ್ತು. ಆದರೆ ಗಂಟೆಯಾಯಿತು, ನಾನು ಡಬ್ಬಿ ಹಿಡಿದು ವರಾಂಡಕ್ಕೆ ಹೋದೆ. ಒಂದು ಸುತ್ತು ಹೋದರೆ ಹೋಗಲಿ ಎಂದು ಲೆಕ್ಕ ಹಾಕಿದ್ದೆ. ನಾನು ಹೊರಗೆ ಕಾಲಿಟ್ಟದ್ದೇ ತಡ, ಆತನಿಗೆ ಚಿಂತನೆಯೆಲ್ಲ ಮುಗಿದುಹೋಯಿತಂತೆ. ಕೈಗೆ ಬಂದ ಎಲೆಯನ್ನು ನೋಡುವ ಮೊದಲೇ ಎಸೆಯುತ್ತ, "ಜಲ್ದಿ, ಜಲ್ದಿ" ಎಂದು ಉಳಿದವರನ್ನೂ ಓಡಿಸಿದನಂತೆ. ಇಪ್ಪತ್ತು ನಿಮಿಷದ ಮೇಲೆ ಕೈತೊಳೆದು ಬಂದಾಗ ಎರಡು ಸುತ್ತು ಮುಗಿದು ಮೂರನೆಯದು ನಡೆದಿತ್ತು. ನನ್ನ ಬಿಲ್ಲೆಗಳಲ್ಲಿ ಅರ್ಧ ಇರಲಿಲ್ಲ.

"ಭಾವನವರ, ಇವತ್ತ ಪಲ್ಯ ಏನಿತ್ತು? ಭಾಳ ತುಟ್ಟಿ ಬಿತ್ತಲ್ರಿ," ಎಂದ.

ಮೇಜಿಗೆ ಮೇಜೇ ನಕ್ಕಿತು. ನನಗೆ ಮೈ ಉರಿದು, ಇಡಬಾರದ ಕಡೆ ಬಿಲ್ಲೆ ಇಟ್ಟು, ಹತ್ತು ನಿಮಿಷದಲ್ಲಿ ಎದ್ದೆ. ಕಪ್ ಅವನ ಪಾಲಾಯಿತು. ಮಾತು ಅಲ್ಲಿಗೇ ನಿಲ್ಲಲಿಲ್ಲ, ನೆಂಟರಲ್ಲೆಲ್ಲ ಹರಡಿತು. ಶ್ರಾವಣದಲ್ಲಿ ಒಂದು ನಾಮಕರಣಕ್ಕೆ ಹೋದಾಗ ಬಡಿಸುವವನು ನನ್ನ ಎಲೆಯ ಮುಂದೆ ನಿಂತು, "ಪಲ್ಯ ಹಾಕ್ಲೇನ್ರಿ, ಇಲ್ಲಾ ತುಟ್ಟಿ ಆಗತೈತಿ?" ಎಂದ. ಇಡೀ ಪಂಕ್ತಿ ನಕ್ಕಿತು. ದೊಡ್ಡವರು ನೀವು, ಮರೆತುಬಿಡಿ ಎಂದು ಒಂದಿಬ್ಬರು ಬುದ್ಧಿ ಹೇಳಿದರು. ಅವರ ಊಟವನ್ನು ಯಾರೂ ಆಡಿಕೊಂಡಿರಲಿಲ್ಲ. ನಾನು ಮರೆಯಲಿಲ್ಲ. ಸೇಡಿಗೂ ಒಂದು ವೇಳಾಪಟ್ಟಿ ಬೇಕು ಎಂದು ಮನೆಗೆ ಬಂದು ಕಾಗದದ ಮೇಲೆ ರೂಲು ಎಳೆದೆ.

ಮೊದಲು ಸಾಮಾನು. ಸಂಘದ ಬಿಲ್ಲೆಗಳನ್ನು ಮನೆಗೆ ಕೊಡುವುದಿಲ್ಲ, ಹಾಗಾಗಿ ಬೇಗಂ ಬಜಾರಿಗೆ ಹೋಗಿ ನಾಲ್ಕು ಬಣ್ಣದ ಕೋಟಿನ ಗುಂಡಿಗಳನ್ನು ತೂಕದಲ್ಲಿ ತಂದೆ. ಆಮೇಲೆ ಅಭ್ಯಾಸ. ಕೆಳಗಿನ ಮನೆಯ ಮಿತ್ರರು ಅಬಿಡ್ಸ್‌ನ ಅಂಚೆ ಕಚೇರಿಯಲ್ಲಿ ವರ್ಷಾನುಗಟ್ಟಲೆ ಕಾಗದ ವಿಂಗಡಿಸಿದವರು. ಅವರ ಕೈಯಿಂದ ಎಲೆ ಹೊರಟರೆ ಬೇಕಾದವರ ಮುಂದೆಯೇ ಬಂದು ನಿಲ್ಲುತ್ತದೆ. ಬೆಳಗ್ಗೆ ಆರರಿಂದ ಏಳೂವರೆಯವರೆಗೆ ನಾವಿಬ್ಬರು ಆಡುತ್ತಿದ್ದೆವು. ಹೆಂಡತಿಯ ತಮ್ಮನ ಆಟದ ಬಗ್ಗೆ ನೆನಪಿದ್ದದ್ದನ್ನೆಲ್ಲ ಬರೆದಿಟ್ಟೆ. ಉಳಿದ ಸದಸ್ಯರನ್ನೂ ಚಹಾ ಕುಡಿಸಿ ಕೇಳಿದೆ. ಒಂದು ಸಂಗತಿ ಸ್ಪಷ್ಟವಾಯಿತು. ಎದುರಿನವನು ಎದ್ದು ಹೋಗುವ ಆತುರದಲ್ಲಿದ್ದಾನೆ ಅನಿಸಿದರೆ ಆತ ಕೈಯಲ್ಲಿ ಏನೂ ಇಲ್ಲದೆಯೂ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳುತ್ತಾನೆ. ಹಾಗೆ ತಳ್ಳಿದಾಗ ನಾನು ಕುರ್ಚಿಯಲ್ಲೇ ಇರಬೇಕು. ತಲೆ ಸ್ವಸ್ಥವಾಗಿರಬೇಕು.

ಅಂದರೆ ಆಟಕ್ಕಿಂತ ಮೊದಲು ಹೊಟ್ಟೆಯನ್ನು ತಿದ್ದಬೇಕಿತ್ತು. ದಸರೆಯ ಮರುದಿನದಿಂದ ಊಟವನ್ನು ದಿನಕ್ಕೆ ಹತ್ತು ನಿಮಿಷ ಮುಂದೆ ಹಾಕುತ್ತ ಬಂದೆ. ಮೂರನೆಯ ದಿನ ಒಂದು ಗಂಟೆಗೆ ಒಬ್ಬನೇ ಎಲೆ ತಿರುವುತ್ತಿದ್ದಾಗ ತಲೆ ಸಿಡಿದು, ಆಟೀನನ್ನು ಡೈಮಂಡ್ ಎಂದು ಓದಿದೆ. ಐದನೆಯ ದಿನ ಹೆಂಡತಿಯ ಮೇಲೆ ಕಾರಣವಿಲ್ಲದೆ ರೇಗಿದೆ. ಒಂಬತ್ತನೆಯ ದಿನ ಎರಡು ಗಂಟೆ ತಲುಪಿದೆ, ಕೈ ನಡುಗಲಿಲ್ಲ. ಆದರೆ ಹಸಿವೆ ತಡೆಯುವುದು ಒಂದು, ಹಸಿದು ಆಡುವುದು ಇನ್ನೊಂದು. ಅದನ್ನು ಪರೀಕ್ಷಿಸಲು ಈ ಭಾನುವಾರ.

ಎದುರಾಳಿಯ ಪಾತ್ರಕ್ಕೆ ಹೆಂಡತಿಯನ್ನೇ ಕೇಳಿದ್ದೆ. ಆಟ ಆಕೆಗೆ ಬರುತ್ತಿತ್ತು, ತಮ್ಮನನ್ನಂತೂ ತೊಟ್ಟಿಲಿನಿಂದ ಬಲ್ಲಳು. "ನಾ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದ್ರ ನನ್ನ ತಾಟಿನ್ಯಾಗಿನ ಹೋಳಿಗಿ ಎತ್ತಿಕೊಂಡು ಹೋಗತಿದ್ದ. ಅವನಂಗ ಆಡೂದು ನನಗ ಕಲಸಬ್ಯಾಡ್ರಿ," ಎಂದು ಒಪ್ಪಿದಳು.

ಹನ್ನೆರಡಾಗುತ್ತಲೇ ಎಣ್ಣೆಗಾಯಿಯ ಬದನೆಯನ್ನು ಒಲೆಯ ಮೇಲಿಟ್ಟು ಬಂದು ಕುಳಿತಳು. ಮಸಾಲೆಯ ವಾಸನೆ ಮೇಜಿನವರೆಗೆ ಬಂತು. ಹನ್ನೆರಡೂವರೆಗೆ ಸರಿಯಾಗಿ, ರೊಟ್ಟಿ ಆರಿಹೋಗುತ್ತವೆ, ಒಂದು ತಿಂದು ಬಂದು ಆಡಬಾರದೇ ಎಂದು ಕೇಳಿದಳು. ನಾನು ಬ್ಲೈಂಡಿನ ಗುಂಡಿ ಮುಂದಿಟ್ಟೆ. ಆಮೇಲೆ ತಮ್ಮನ ಹಾಗೆಯೇ ಗದ್ದಕ್ಕೆ ಕೈಹಚ್ಚಿ ಒಂದೊಂದು ಎಲೆಗೂ ಮೂರು ನಿಮಿಷ ತೆಗೆದುಕೊಳ್ಳತೊಡಗಿದಳು. ತಾಳ್ಮೆ ಮೊದಲು ಮುಗಿದದ್ದು ಎಲೆ ಹಂಚುತ್ತಿದ್ದ ಮಿತ್ರರಿಗೆ.

"ವೈನಿ, ಜರಾ ಒಲಿ ಮ್ಯಾಲಿಂದು ಇಳಸಿ ಬರ್ರಿ. ಸೇಡು ಇವರದು, ಹೊಟ್ಟಿ ನಮಗೂ ಐತಿ," ಎಂದರು.

ಒಂದೂ ಇಪ್ಪತ್ತಕ್ಕೆ ನನ್ನ ಕೈಗೆ ಎರಡು ಹತ್ತು ಬಂದವು. ಎಲ್ಲರಿಗೂ ಸೇರಿದ ಎಲೆಗಳಲ್ಲಿ ಮೊದಲ ಮೂರನ್ನು ನಡುವೆ ತೆರೆದಿಟ್ಟರು: ರಾಜ, ಏಳು, ಮೂರು. ಹೆಂಡತಿ ಗೋಡೆಯ ಗಡಿಯಾರ ನೋಡಿ, ನನ್ನನ್ನು ನೋಡಿ, ಗುಂಡಿಗಳನ್ನೆಲ್ಲ ಎರಡೂ ಕೈಯಿಂದ ಮುಂದೆ ತಳ್ಳಿದಳು. ಅವಳ ಹತ್ತಿರ ಇನ್ನೊಂದು ರಾಜನಿದ್ದರೆ ಆ ಜೋಡಿ ನನ್ನ ಹತ್ತರ ಜೋಡಿಗಿಂತ ದೊಡ್ಡದು, ನನ್ನ ಕತೆ ಮುಗಿದ ಹಾಗೆ. ಹೊಟ್ಟೆ ಹೇಳುತ್ತಿತ್ತು: ಎಸೆ, ಎದ್ದು ಉಣ್ಣು. ಫೆಬ್ರವರಿಯಲ್ಲಾಗಿದ್ದರೆ ಎಸೆಯುತ್ತಿದ್ದೆ. ನಾನು ಒಂದು ಲೋಟ ನೀರು ಕುಡಿದೆ. ಬರೆದಿಟ್ಟದ್ದನ್ನು ನೆನಪಿಸಿಕೊಂಡೆ. ನನ್ನ ಗುಂಡಿಗಳನ್ನೂ ಮುಂದಿಟ್ಟೆ.

ಆಕೆ ತೆರೆದದ್ದು ಒಂದು ಗುಲಾಮ, ಒಂದು ನಾಲ್ಕು. ಮುಂದೆ ಬಿದ್ದ ಎರಡು ಎಲೆಗಳೂ ಅವಳ ಕೈಹಿಡಿಯಲಿಲ್ಲ. ಆ ಗುಂಡಿಗಳನ್ನು ನನ್ನ ಕಡೆ ಎಳೆದುಕೊಳ್ಳುವಾಗ ನನ್ನ ಕಣ್ಣಿಗೆ ಕಂಡದ್ದು ಅವಳ ಮುಖವಲ್ಲ. ಒಂಬತ್ತು ತಿಂಗಳಲ್ಲಿ ಅಷ್ಟು ಸುಖ ನನಗೆ ಸಿಕ್ಕಿರಲಿಲ್ಲ.

ಮಿತ್ರರು ಕೆಳಗೆ ಹೋದರು. ನಾವು ಎರಡಕ್ಕೆ ಊಟಕ್ಕೆ ಕುಳಿತೆವು. ಎರಡನೆಯ ರೊಟ್ಟಿ ಮುರಿಯುವಾಗ ಹೆಂಡತಿ ಒಂದು ಮಾತು ಹೇಳಿದಳು. ಹಿಂದಿನ ಸಲ ಕೊನೆಯ ಪಂದ್ಯದ ಹಿಂದಿನ ದಿನ ತಮ್ಮ ಗಚ್ಚಿಬೌಲಿಯ ಮನೆಯಿಂದ ಫೋನು ಮಾಡಿ, ಭಾವನವರು ಆಟದ ದಿನವೂ ಹನ್ನೆರಡೂವರೆಗೇ ಉಣ್ಣುತ್ತಾರೆಯೇ ಎಂದು ಕೇಳಿದ್ದನಂತೆ. ಒಂದು ನಿಮಿಷವೂ ಆಚೀಚೆ ಆಗುವುದಿಲ್ಲ ಎಂದು ಈಕೆ ಹೇಳಿದ್ದಳಂತೆ.

"ಬಿಸಿ ಊಟ ಕಳಸ್ತಾನ ಅನಕೊಂಡಿದ್ದೆ ನಾನು," ಎಂದಳು.

ಅಂದರೆ ಆತ ಆ ಹೊತ್ತಿನ ಬುದ್ಧಿಯಿಂದ ಮಾಡಿದ್ದಲ್ಲ. ಹಿಂದಿನ ದಿನವೇ ವಿಚಾರಿಸಿಕೊಂಡು ಬಂದಿದ್ದ, ಅದೂ ನನ್ನ ಮನೆಯಿಂದಲೇ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ನಾನು ಅವನ ಹೊಸ್ತಿಲು ತುಳಿಯುವುದಿಲ್ಲ ಎಂಬ ಹೆದರಿಕೆ ಅವಳಿಗೆ. ಈಗ ಹೇಳಲು ಕಾರಣವಿತ್ತು. ನಿನ್ನೆ ಅವನು ಮತ್ತೆ ಫೋನು ಮಾಡಿದ್ದ. ಅದೇ ಪ್ರಶ್ನೆ. ಒಲೆಯ ಮೇಲೆ ಹಾಲಿದೆ, ಆಮೇಲೆ ಮಾತಾಡುತ್ತೇನೆ ಎಂದು ಈಕೆ ಫೋನು ಇಟ್ಟಿದ್ದಳು.

ಹೋದ ಸಲ ಏನು ಹೇಳಿದ್ದಿಯೋ ಅದನ್ನೇ ಹೇಳು ಎಂದೆ.

"ಅವಾಗ ಅದು ಖರೇ ಇತ್ತು," ಎಂದಳು. "ಈಗ ಸುಳ್ಳ ಆಗತೈತಿ."

ಅವಳು ಸುಳ್ಳಾಡಿದ್ದನ್ನು ನಾನು ಕೇಳಿಲ್ಲ. ತರಕಾರಿಯವನ ಹತ್ತಿರವೂ ಆಡುವವಳಲ್ಲ. ನಿಜ ತಿಳಿದರೆ ತಮ್ಮ ಬೇರೆ ಉಪಾಯ ಹೂಡುತ್ತಾನೆ, ನನ್ನ ಹಸಿದ ಮಧ್ಯಾಹ್ನಗಳೆಲ್ಲ ನೀರಿಗೆ ಹೋದಂತೆ. ಆದರೂ ಅದಕ್ಕಿಂತ ಹೆಚ್ಚು ಒತ್ತಾಯ ಮಾಡಲಿಲ್ಲ. ಎರಡೂವರೆಯಿಂದ ಮೂರೂವರೆ ಮಲಗುವುದು ನನ್ನ ಕ್ರಮ. ಅಂದು ನಿದ್ದೆ ಬರಲಿಲ್ಲ. ಒಳಗೆ ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು.

ನಾಲ್ಕಕ್ಕೆ ಚಹಾ ತಂದಿಟ್ಟು ಹೋದಳು. ಆರು ಗಂಟೆಗೆ ತಾನಾಗಿ ಬಂದು ನನ್ನ ಎದುರು ಕುಳಿತಳು.

"ನಿಮ್ಮ ಆಟ ಏನರ ಆಗ್ಲಿ. ಅವಾ ನನ್ನ ಬಾಯಾಗಿನ ಮಾತು ತಗೊಂಡು ನನ್ನ ಮನಿಯವರಿಗೇ ಬಡದಾನ," ಎಂದಳು. "ಫೋನ್ ಕೊಡ್ರಿ ಇಲ್ಲೆ."

ಕೊಟ್ಟೆ. ನಂಬರು ಒತ್ತಿದಳು. ಅವನ ಹೆಂಡತಿಯ ಮಂಡಿನೋವು, ಕೆಳಗಿನ ರಸ್ತೆಯ ಗದ್ದಲ, ಎಲ್ಲವನ್ನೂ ನಿಧಾನವಾಗಿ ವಿಚಾರಿಸಿದಳು. ಆಮೇಲೆ ಅತ್ತಲಿಂದ ಪ್ರಶ್ನೆ ಬಂತು.

"ಹೌದೋ ತಮ್ಮಾ, ಹನ್ನೆರಡೂವರಿಗೇ. ಈಗಂತೂ ವಯಸ್ಸಾತಲ್ಲ, ಐದು ನಿಮಿಷ ತಡಾ ಆದ್ರ ಕೈಕಾಲು ನಡಗತಾವು," ಎಂದಳು. ಧ್ವನಿ ಒಂದಿಷ್ಟೂ ಅಲುಗಲಿಲ್ಲ. ಅತ್ತ ಕಡೆಯವನು ಏನೋ ಹೇಳಿದ, ಈಕೆ ಮೆತ್ತಗೆ ನಕ್ಕಳು. "ಪಲ್ಯ ಛಲೋದ ಕಟ್ಟಿಕೊಡತೀನಿ. ನೀ ಚಿಂತಿ ಮಾಡಬ್ಯಾಡ."

ಅಂದಿನ ಪಟ್ಟಿಯಲ್ಲಿ ಇಲ್ಲದಿದ್ದ ಒಂದೇ ಕೆಲಸ ಅದು. ಆರೂ ಹದಿನೈದಕ್ಕೆ ಮುಗಿಯಿತು.