ಅಕ್ಕನ ಟಕಟಕ ಎಂಜಿನ್

ಅಕ್ಕನಿಗೆ ಹೇಸಿಗೆ ಹುಟ್ಟಿಸದ ಸಂಗತಿಗಳು ಲೋಕದಲ್ಲಿ ಬಲು ಕಡಿಮೆ. ಒರೆಸದೆ ಎಸೆದ ಸ್ಪ್ಯಾನರ್, ಅಳತೆಯಿಲ್ಲದೆ ಜಡಿದ ನಟ್ಟು, ಎಂಜಿನ್ನಿನ ಮೇಲೆ ಮೊಣಕೈ ಊರಿ ಹರಟೆ ಹೊಡೆಯುವ ಗಂಡಸರು, ಎಲ್ಲಕ್ಕೂ ಆಕೆಯದು ಒಂದೇ ಮಾತು: “ಥೂ!” ಐವತ್ತೆರಡರ ಆಕೆಯನ್ನು ಷೆಡ್ಡಿನಲ್ಲಿ ಅರವತ್ತು ದಾಟಿದವರೂ ಅಕ್ಕ ಎಂದೇ ಕರೆಯುತ್ತಿದ್ದರು. ಷೆಡ್ಡು ತಮ್ಮನದು, ಕಾರು ತಮ್ಮನದು, ಹೊರಗಿನ ಬೋರ್ಡಿನಲ್ಲಿ ಹಲ್ಲು ಕಿರಿಯುವ ಮುಖವೂ ತಮ್ಮನದೇ. ಎಂಜಿನ್ ಮಾತ್ರ ಅಕ್ಕನ ಕೈಯದು. ಎರಡು ಕಾರುಗಳು ನೇರ ಹಾದಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿ ಮುಗಿಸುವ ಡ್ರ್ಯಾಗ್ ರೇಸಿನಲ್ಲಿ ತಮ್ಮನು ಹೆಸರು ಮಾಡಿದ್ದು ಆ ಎಂಜಿನ್ನಿನ ಬಲದಿಂದ. ಅದನ್ನು ಅವನು ಅಪ್ಪಿತಪ್ಪಿಯೂ ಯಾರ ಮುಂದೆಯೂ ಹೇಳಿದವನಲ್ಲ.

ಹೋದ ವರ್ಷ ಮೂರು ರೇಸುಗಳಲ್ಲಿ ಸತತವಾಗಿ ಮುಖಭಂಗವಾಯಿತು. ರೇಸಿಗೆ ಹಣ ಹಾಕುತ್ತಿದ್ದ ಟೈರ್ ಅಂಗಡಿಯವನು ಖಡಾಖಂಡಿತವಾಗಿ ಹೇಳಿಬಿಟ್ಟ: “ಇನ್ನೊಂದ್ಸಲ ಎಂಜಿನ್ ಕೈಕೊಟ್ರೆ ಹೊರಗಿನ ಮೇಸ್ತ್ರೀನ ಕರೆಸ್ತೀನಿ. ಅಕ್ಕ ಮನೇಲಿರ್ಲಿ.” ಇಪ್ಪತ್ತಾರು ವರ್ಷ ಗ್ರೀಸಿನಲ್ಲಿ ಕೈಯದ್ದಿದವಳಿಗೆ ಮನೆಯಲ್ಲಿ ಕೂರುವುದೆಂದರೆ ಜೀವಂತ ಸಮಾಧಿ.

ದೋಷ ಎಲ್ಲಿದೆ ಎಂದು ಅಕ್ಕನಿಗೆ ಗೊತ್ತಿತ್ತು. ಎಂಜಿನ್ನಿನೊಳಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವುಗಳನ್ನು ಕೆಳಗಿನಿಂದ ತಳ್ಳಿ ತೆರೆಸುವ ಹೆಬ್ಬೆರಳು ಗಾತ್ರದ ತುಂಡುಗಳಿಗೆ ಲಿಫ್ಟರ್ ಎನ್ನುತ್ತಾರೆ. ಅದರಲ್ಲಿದ್ದವು ಹೈಡ್ರಾಲಿಕ್ ಲಿಫ್ಟರ್‌ಗಳು. ಹೊಟ್ಟೆಯೊಳಗೆ ಎಣ್ಣೆ ತುಂಬಿಕೊಂಡು, ಸಂದಿದ್ದರೆ ತಾವೇ ಸರಿಮಾಡಿಕೊಂಡು, ಸದ್ದಿಲ್ಲದೆ ಇರುತ್ತವೆ. ಎಂಜಿನ್ ಅತಿ ವೇಗಕ್ಕೆ ಏರಿದರೆ ಮಾತ್ರ ಉಬ್ಬಿಕೊಂಡು, ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ.

“ಥೇಟ್ ನಿನ್ನ ಥರಾನೇ,” ಎಂದಳು ಅಕ್ಕ ತಮ್ಮನಿಗೆ. “ಎಣ್ಣೆ ಹಾಕ್ತಾ ಇದ್ರೆ ಸರಿ. ದುಡಿಯೋ ಹೊತ್ತಿಗೆ ಉಬ್ಕೊಂಡು ಕೂರೋದು.”

ಎಲ್ಲವನ್ನೂ ಕಿತ್ತು ಘನ ಲಿಫ್ಟರ್‌ಗಳನ್ನು ಹಾಕಿದಳು. ಅವುಗಳಲ್ಲಿ ಎಣ್ಣೆಯ ಹೊಟ್ಟೆಯಿಲ್ಲ, ಬರೀ ಗಟ್ಟಿ ಉಕ್ಕು. ಅವಕ್ಕೆ ಒಪ್ಪುವಂತೆ, ಅವನ್ನು ಎತ್ತುವ ಕ್ಯಾಮ್‌ಶಾಫ್ಟ್, ಬಿಗಿ ಸ್ಪ್ರಿಂಗು, ಹೊಸ ತಳ್ಳುಕಡ್ಡಿಗಳು, ಎಲ್ಲವನ್ನೂ ಬದಲಿಸಿದಳು. ಎರಡು ತಿಂಗಳು ಹಿಡಿಯಿತು. ಈ ಜಾತಿಯ ಲಿಫ್ಟರ್ ತನ್ನನ್ನು ತಾನು ಸರಿಮಾಡಿಕೊಳ್ಳುವುದಿಲ್ಲ. ಎಂಜಿನ್ ಬಿಸಿಯಿರುವಾಗಲೇ ಬದಿಗೆ ಎಂಟರಂತೆ ಹದಿನಾರು ವಾಲ್ವುಗಳ ಮೇಲೂ ಕೂದಲೆಳೆಯಷ್ಟು ಸಂದು ಬಿಟ್ಟು, ತೆಳು ತಗಡಿನ ಗೇಜು ತೂರಿಸಿ ಅಳೆಯಬೇಕು. ಅದರಲ್ಲೂ ಸ್ಟಿಯರಿಂಗ್ ದಂಡ ಹಾದುಹೋಗುವ ಬದಿಯ ಎಂಟಕ್ಕೆ ಕೈ ತೂರಿಸುವುದು ಶಿಕ್ಷೆಯೇ ಸರಿ. ಅಕ್ಕನ ಮೊಣಕೈಯವರೆಗೆ ಸುಟ್ಟ ಬರೆಗಳೆದ್ದಿದ್ದವು.

ಮೈದಾನದಲ್ಲಿ ಓಡಿಸಿ ನೋಡಿದಾಗ ಕಾರು ಬಾಣದಂತೆ ಹೋಯಿತು. ಆದರೆ ನಿಂತಲ್ಲಿ ಟಕಟಕ ಎನ್ನುತ್ತಿತ್ತು. ಆ ಸಂದಿನ ಸದ್ದು ಅದು.

“ಏನ್ರೀ ಇದು, ಹೊಲಿಗೆ ಮಿಷಿನ್ನಾ?” ಟೈರ್ ಅಂಗಡಿಯವನು ನಕ್ಕ. ತಮ್ಮನಿಗೆ ಅವಮಾನವಾಯಿತು.

“ಸ್ವಲ್ಪ ಸದ್ದು ಕಮ್ಮಿ ಮಾಡಕ್ಕ. ಶನಿವಾರ ಅಂಗಡಿ ಮುಂದೆ ಕಾರು ತೋರಿಸ್ಬೇಕು. ಜನ ಏನಂದ್ಕೋತಾರೆ?”

“ಸದ್ದು ನಿಂತ್ರೆ ವಾಲ್ವ್ ಸರಿಯಾಗಿ ಮುಚ್ಕೊಳಲ್ಲ, ಸುಟ್ಟೋಗುತ್ತೆ. ಅದನ್ನ ಮುಟ್ಟಿದ್ರೆ ನೋಡು.”

ಶನಿವಾರದ ಪ್ರದರ್ಶನಕ್ಕೆ ಅಕ್ಕನನ್ನು ಯಾರೂ ಕರೆಯಲಿಲ್ಲ. ಭಾನುವಾರ ರೇಸಿನ ಮೈದಾನಕ್ಕೆ ಹೋದರೆ, ಕಾಗದಪತ್ರಗಳನ್ನು ಕೈಗಿಟ್ಟು ಕಚೇರಿಯ ಸಾಲಿನಲ್ಲಿ ನಿಲ್ಲಿಸಿದರು. ಆಕೆ ಈಚೆ ಬರುವಷ್ಟರಲ್ಲಿ ಕಾರು ಗೆರೆಯ ಮೇಲಿತ್ತು. ಹಸಿರು ದೀಪ ಹತ್ತಿತು. ಪಕ್ಕದ ಕಾರು ಚಿಮ್ಮಿ ಹೋಯಿತು. ತಮ್ಮನ ಕಾರು ದಮ್ಮು ಹತ್ತಿದವರಂತೆ ಕೆಮ್ಮುತ್ತಾ, ಅರ್ಧ ಹಾದಿಯಲ್ಲೇ ಮುಗ್ಗರಿಸುತ್ತಾ ಹೇಗೋ ಕೊನೆ ಮುಟ್ಟಿತು.

ತಳ್ಳಿಕೊಂಡು ತಂದು ನಿಲ್ಲಿಸಿದಾಗ ಸುತ್ತ ಇಪ್ಪತ್ತು ಜನ ನೆರೆದಿದ್ದರು. ಹೆಲ್ಮೆಟ್ ತೆಗೆದವನೇ ತಮ್ಮ ಗಟ್ಟಿಯಾಗಿ ಹೇಳಿದ: “ನಮ್ಮಕ್ಕ ಏನೋ ಯಡವಟ್ಟು ಮಾಡಿದಾಳೆ. ಹಳೇದೇ ಇರ್ಲಿ ಅಂತ ಬಡ್ಕೊಂಡೆ, ಕೇಳಿದ್ರೆ ತಾನೆ?”

ಅಕ್ಕನ ಮೈಯೆಲ್ಲ ಉರಿದುಹೋಯಿತು. ಟೈರ್ ಅಂಗಡಿಯವನು ಆಗಲೇ ಫೋನು ಹೊರತೆಗೆದಿದ್ದ, ಹೊರಗಿನ ಮೇಸ್ತ್ರಿಗೇ ಇರಬೇಕು. ಆಕೆ ಎಂಜಿನ್ನಿನ ಮುಚ್ಚಳಗಳನ್ನು ಬಿಚ್ಚಿದಳು. ಸ್ಟಿಯರಿಂಗ್ ಬದಿಯ ಎಂಟು ವಾಲ್ವುಗಳಿಗೆ ಗೇಜು ತೂರಿಸಿದಳು. ಎಂಟೂ ತಾನು ಬಿಟ್ಟ ಅಳತೆಯಲ್ಲೇ ಇದ್ದವು, ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲ. ಇನ್ನೊಂದು ಬದಿಗೆ ಬಂದಳು. ಅಲ್ಲಿ ಗೇಜಿನ ತುದಿಯೂ ಒಳಹೋಗಲಿಲ್ಲ. ಸದ್ದಡಗಿಸಲು ಎಂಟನ್ನೂ ಯಾರೋ ಸಂದಿಲ್ಲದಂತೆ ಬಿಗಿದಿದ್ದರು, ಆಮೇಲೆ ಅಂಗಡಿಯ ಮುಂದೆ ಗಂಟೆಗಟ್ಟಲೆ ಗುರುಗುಟ್ಟಿಸಿ ವಾಲ್ವು ಸುಟ್ಟಿದ್ದರು.

ಮೋಸ ಮಾಡಿದ್ದಕ್ಕಿಂತ ಅದನ್ನೂ ಅರ್ಧಂಬರ್ಧ ಮಾಡಿದ್ದು ಕಂಡು ಅಕ್ಕನಿಗೆ ಹೇಸಿಗೆಯಾಯಿತು. ತಗ್ಗಿದ ದನಿಯಲ್ಲಿ, ಮನೆಯಲ್ಲಿ ಕೇಳುವ ಹಾಗೆ ಕೇಳಿದಳು:

“ಬಿಗಿಯೋದು ಬಿಗಿದೆ. ಆ ಕಡೆ ಎಂಟು ಯಾಕೋ ಬಿಟ್ಟೆ?”

“ಅಲ್ಲಿ ಕೈ ಹೋಗಲ್ವಲ್ಲಕ್ಕ,” ಎಂದುಬಿಟ್ಟ ತಮ್ಮ.

ಆಡಿದ ಮೇಲೆ ಅವನಿಗೆ ಅರಿವಾಯಿತು. ಯಾರೋ ಕಿಸಕ್ಕನೆ ನಕ್ಕರು. ತಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. ಹತ್ತಿರ ಬಂದು ಪಿಸುಗುಟ್ಟಿದ: “ನಾಕು ಜನರ ಮುಂದೆ ಹೀಗ್ ಮಾಡೋದಾ ಅಕ್ಕ?”

“ನೀನು ಹೇಳಿದ್ದೂ ನಾಕು ಜನರ ಮುಂದೇನೇ ಅಲ್ವಾ?”

ಟೈರ್ ಅಂಗಡಿಯವನು ಫೋನನ್ನು ಜೇಬಿಗಿಳಿಸಿದ. ದನಿಗೆ ಬೆಣ್ಣೆ ಹಚ್ಚಿಕೊಂಡು, “ಹೋಗ್ಲಿ ಬಿಡಿ ಅಕ್ಕ, ಮನೆ ವಿಷ್ಯ. ಮುಂದಿನ ರೇಸಿಗೂ ಎಂಜಿನ್ ನೀವೇ ಮಾಡ್ಕೊಡಿ,” ಎಂದ. ಎರಡು ನಿಮಿಷದ ಹಿಂದೆ ತನ್ನನ್ನು ಮನೆಗೆ ಅಟ್ಟಲು ಹೊರಟವನ ಈ ನಯ ಆಕೆಗೆ ಇನ್ನಷ್ಟು ಅಸಹ್ಯವಾಯಿತು.

“ಮಾಡ್ಕೊಡ್ತೀನಿ,” ಎಂದಳು. “ಓಡ್ಸೋಕೆ ಬೇರೆಯವರನ್ನ ಹುಡುಕಿ.”

ಟೈರ್ ಅಂಗಡಿಯವನು ತಮ್ಮನನ್ನು ನೋಡಿದ. ತಮ್ಮ ಅಕ್ಕನನ್ನು ನೋಡಿದ, ಎಂದಿನಂತೆ ಬೈದು ಕೊನೆಗೆ ಹೋಗಲಿ ಎಂದಾಳೆಂದು ಕಾದ. ಅಕ್ಕ ಆ ಕಡೆ ತಿರುಗಲೂ ಇಲ್ಲ. ಜೀವಮಾನದಲ್ಲಿ ಮೊದಲ ಸಲ, ಥೂ ಎನ್ನಲೂ ಅವನು ಲಾಯಕ್ಕಿಲ್ಲ ಅನ್ನಿಸಿತು.